ಗುಂಡು ಮತ್ತು ನಳಿಗೆ: ಒಂದು ಅಳತೆಯ ಕಥೆ



ಮಲೆನಾಡಿನ ಕಡೆಯ ಮಕ್ಕಳು ಬಿದಿರಿನಿಂದ ಮಾಡಿಕೊಳ್ಳುವ ಒಂದು ಆಟದ ಕೋವಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕೆಲವು ಕಡೆ ಅದನ್ನು ‘ಪೆಟ್ಲು’ ಎನ್ನುತ್ತಾರೆ. ಸಣ್ಣ ಬಿದಿರಿನ ಕೊಳವೆಯೊಳಗೆ ಒಂದು ಹಸಿಕಾಯಿಯನ್ನು ತುರುಕಿ, ಅದರ ಹಿಂದೆ ಇನ್ನೊಂದನ್ನು ಕಡ್ಡಿಯಿಂದ ನೂಕಿದರೆ, ನಡುವೆ ಸಿಕ್ಕಿಕೊಂಡ ಗಾಳಿ ಒತ್ತಿ ಮುಂದಿನ ಕಾಯಿ ‘ಪಟ್’ ಎಂದು ಹಾರುತ್ತದೆ. ಈ ಆಟದ ಗುಟ್ಟು ಕಾಯಿಯ ಆಯ್ಕೆಯಲ್ಲಿದೆ. ಕಾಯಿ ಕೊಳವೆಗಿಂತ ಚಿಕ್ಕದಾದರೆ ಗಾಳಿ ಪಕ್ಕದಿಂದ ನುಸುಳಿ ಸದ್ದೇ ಬರುವುದಿಲ್ಲ. ದೊಡ್ಡದಾದರೆ ಕಾಯಿ ಒಳಗೇ ಕಚ್ಚಿಕೊಂಡು ಬಿದಿರು ಸೀಳಲೂಬಹುದು. ಸರಿಯಾದ ಕಾಯಿ ಯಾವುದೆಂದು ಮಕ್ಕಳಿಗೆ ಯಾರೂ ಪಾಠ ಹೇಳುವುದಿಲ್ಲ. ಕೊಳವೆಯ ಬಾಯಿಗೆ ಹಿಡಿದು ನೋಡಿ ಅವರೇ ತಿಳಿದುಕೊಳ್ಳುತ್ತಾರೆ.

ಇಂದಿನ ನಮ್ಮ ಮಾತಿನ ವಿಷಯವೂ ಇದೇ. ಆದರೆ ಬಿದಿರಿನ ಕೊಳವೆಯ ಬದಲು ಉಕ್ಕಿನ ನಳಿಗೆ, ಹಸಿಕಾಯಿಯ ಬದಲು ಸೀಸದ ಗುಂಡು. ಅಮೆರಿಕದಲ್ಲಿ ಗುರಿಸ್ಪರ್ಧೆಯ ಹವ್ಯಾಸಿಗಳು ಅನೇಕರು ತಮ್ಮ ಪಿಸ್ತೂಲಿನ ತೋಟಾಗಳನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ಹಾರಿಸಿ ಉಳಿದ ಹಿತ್ತಾಳೆಯ ಕೋಶಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಸೇರಿಸುವ ಕೆಲಸ ಅದು. ಅವರ ಮುಂದೆ ಮೊದಲು ಬರುವ ಪ್ರಶ್ನೆ, ‘ನನ್ನ ಪಿಸ್ತೂಲಿಗೆ ಎಷ್ಟು ವ್ಯಾಸದ ಗುಂಡು ಬೇಕು?’ ಎಂಬುದು. ಪಿಸ್ತೂಲಿನ ಮೇಲೆಯೇ ‘38’ ಎಂದೋ ‘45’ ಎಂದೋ ಕೆತ್ತಿರುತ್ತದಲ್ಲ, ಅದನ್ನೇ ಓದಿಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಏಕೆ ಸಾಲದು ಎಂಬುದರಲ್ಲಿ ಇತಿಹಾಸವಿದೆ, ಭೌತಶಾಸ್ತ್ರವಿದೆ, ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜ್ ಹಿಡಿಯುವ ನಿಮಗೆ ಉಪಯೋಗವಾಗುವ ಒಂದು ಪಾಠವೂ ಇದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇದು ತೋಟಾ ತಯಾರಿಸುವ ಕೈಪಿಡಿಯಲ್ಲ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ನಾವಿಲ್ಲಿ ನೋಡಹೊರಟಿರುವುದು ಒಂದರೊಳಗೊಂದು ಕೂಡುವ ಎರಡು ವಸ್ತುಗಳ ಅಳತೆಯ ವಿಜ್ಞಾನವನ್ನು.

ಹದಿನೆಂಟನೆಯ ಶತಮಾನದಿಂದ ಆರಂಭಿಸೋಣ. ಬ್ರಿಟಿಷ್ ಸೈನಿಕರ ಕೈಯಲ್ಲಿದ್ದ ‘ಬ್ರೌನ್ ಬೆಸ್’ ಕೋವಿಯ ನಳಿಗೆಯ ಒಳವ್ಯಾಸ ಸುಮಾರು 0.75 ಇಂಚು, ಎಂದರೆ 19 ಮಿ.ಮೀ. ಅದರಲ್ಲಿ ಹಾಕುತ್ತಿದ್ದ ಸೀಸದ ಗೋಲಿಯ ವ್ಯಾಸ ಸುಮಾರು 0.69 ಇಂಚು, ಎಂದರೆ ಹದಿನೇಳೂವರೆ ಮಿ.ಮೀ. ಎರಡರ ನಡುವೆ ಒಂದೂವರೆ ಮಿಲಿಮೀಟರಿನ ಅಂತರ! ಇದು ಬೇಕೆಂದೇ ಬಿಟ್ಟ ಅಂತರ. ಕೋವಿಯನ್ನು ಬಾಯಿಯ ಕಡೆಯಿಂದ ತುಂಬಬೇಕಾಗಿತ್ತು. ಕರಿಮದ್ದು ಉರಿದ ಮೇಲೆ ನಳಿಗೆಯ ಗೋಡೆಗೆ ಮಸಿಯ ಗಟ್ಟಿಪದರ ಕೂರುತ್ತಿತ್ತು. ಗೋಲಿ ಸಡಿಲವಾಗಿರದಿದ್ದರೆ ನಾಲ್ಕಾರು ಈಡು ಹಾರಿಸುವಷ್ಟರಲ್ಲಿ ಅದನ್ನು ಒಳಗೆ ತಳ್ಳುವುದೇ ಕಷ್ಟವಾಗುತ್ತಿತ್ತು. ಆದರೆ ಸಡಿಲ ಗೋಲಿ ನಳಿಗೆಯೊಳಗೆ ಅತ್ತಿತ್ತ ಬಡಿದುಕೊಂಡು, ಕೊನೆಯ ಬಾರಿ ಯಾವ ಗೋಡೆಗೆ ತಾಕಿತೋ ಅದಕ್ಕೆ ತಕ್ಕಂತೆ ಯಾವುದೋ ದಿಕ್ಕಿಗೆ ಹೊರಡುತ್ತಿತ್ತು. ಮದ್ದಿನ ಅನಿಲದ ಒಂದು ಪಾಲು ಪಕ್ಕದಿಂದ ಸೋರಿ ವ್ಯರ್ಥವಾಗುತ್ತಿತ್ತು.

ಈ ದೋಷವನ್ನು ಗಣಿತದಿಂದಲೂ ಪ್ರಯೋಗದಿಂದಲೂ ಪರೀಕ್ಷಿಸಿದವರಲ್ಲಿ ಪ್ರಮುಖರು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಮರದ ದಿಮ್ಮಿಯನ್ನು ತೂಗುಬಿಟ್ಟು, ಗುಂಡು ಅದರಲ್ಲಿ ಹೊಕ್ಕಾಗ ದಿಮ್ಮಿ ಎಷ್ಟು ಎತ್ತರಕ್ಕೆ ತೂಗಿತೆಂಬುದರಿಂದ ಗುಂಡಿನ ವೇಗ ಕಂಡುಹಿಡಿಯುವ ಲೆಕ್ಕವಿದೆಯಲ್ಲವೇ? ಆ ಉಪಕರಣವನ್ನು 1742ರ ತನ್ನ ಗ್ರಂಥದಲ್ಲಿ ವಿವರಿಸಿದವರು ಇವರೇ. ಸುರುಳಿ ಗೀರುಗಳುಳ್ಳ ನಳಿಗೆಯಲ್ಲಿ ಬಿಗಿಯಾಗಿ ಕೂತ ಗುಂಡು ನೇರವಾಗಿ ಹೋಗುವುದೆಂದು 1747ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿಯ ಮುಂದೆ ವಾದಿಸಿದರು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು.

ರಾಬಿನ್ಸ್ ಹೇಳಿದ ಸುರುಳಿ ಗೀರು ಎಂದರೇನು? ನಳಿಗೆಯ ಒಳಗೋಡೆಯಲ್ಲಿ ಉದ್ದಕ್ಕೂ ತಿರುಗುತ್ತಾ ಹೋಗುವ ಕಾಲುವೆಗಳನ್ನು ಕೊರೆದಿರುತ್ತಾರೆ. ಎರಡು ಕಾಲುವೆಗಳ ನಡುವೆ ಉಳಿಯುವುದು ದಿಣ್ಣೆ. ಗುಂಡು ಹಾದುಹೋಗುವಾಗ ದಿಣ್ಣೆಗಳು ಅದರ ಮೈಯನ್ನು ಕಚ್ಚಿ ಹಿಡಿದು ತಿರುಗಿಸುತ್ತವೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ಮಗುಚದೆ ಮೂತಿ ಮುಂದಾಗಿಯೇ ಸಾಗುತ್ತದೆ. ಎಷ್ಟು ವೇಗದ ತಿರುಗಾಟ ಗೊತ್ತೇ? ಇಂದಿನ 9 ಮಿ.ಮೀ. ಪಿಸ್ತೂಲಿನ ನಳಿಗೆಯಲ್ಲಿ ಸಾಮಾನ್ಯವಾಗಿ 250 ಮಿ.ಮೀ. ಉದ್ದಕ್ಕೆ ಒಂದು ಸುತ್ತು. ಗುಂಡಿನ ವೇಗ ಸೆಕೆಂಡಿಗೆ 350 ಮೀಟರ್ ಎಂದಿಟ್ಟುಕೊಂಡರೆ, 350ನ್ನು 0.25ರಿಂದ ಭಾಗಿಸಿ ನೋಡಿ: ಸೆಕೆಂಡಿಗೆ 1400 ಸುತ್ತು!

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗೀರುಗಳುಳ್ಳ ನಳಿಗೆಗೆ ಒಂದಲ್ಲ, ಎರಡು ಒಳವ್ಯಾಸಗಳಿವೆ. ಎದುರುಬದುರಾದ ದಿಣ್ಣೆಗಳ ನಡುವಿನದು ಒಂದು, ಕಾಲುವೆಗಳ ತಳದಿಂದ ತಳಕ್ಕೆ ಅಳೆದದ್ದು ಇನ್ನೊಂದು. 9 ಮಿ.ಮೀ. ಪ್ಯಾರಾಬೆಲಮ್ ತೋಟಾದ ಯೂರೋಪಿನ ಮಾನಕದ ಪ್ರಕಾರ ಮೊದಲನೆಯದು 8.82 ಮಿ.ಮೀ., ಎರಡನೆಯದು 9.02 ಮಿ.ಮೀ. ಗುಂಡು ದಿಣ್ಣೆಯ ವ್ಯಾಸಕ್ಕೆ ಸರಿಹೊಂದಿದರೆ ಸಾಲದು. ಕಾಲುವೆಯ ತಳವನ್ನೂ ತುಂಬಬೇಕು. ಇಲ್ಲದಿದ್ದರೆ ಕಾಲುವೆಗಳೇ ಅನಿಲ ಸೋರುವ ದಾರಿಗಳಾಗುತ್ತವೆ. ಹಾಗಾದರೆ ‘9 ಮಿ.ಮೀ.’ ಎಂಬ ಹೆಸರು? ಅದು ಎರಡು ಅಳತೆಗಳ ನಡುವೆ ಎಲ್ಲಿಯೋ ನಿಂತ ದುಂಡು ಸಂಖ್ಯೆ.

ಬಾಯಿಯ ಕಡೆಯಿಂದ ತುಂಬುವ ಕೋವಿಗೆ ಬಿಗಿಯಾದ ಗುಂಡನ್ನು ಕೂರಿಸುವುದು ಹೇಗೆ ಎಂಬ ತೊಡಕು ನೂರು ವರ್ಷ ಕಾಡಿತು. ಹೋಗುವಾಗ ಸಡಿಲವಾಗಿರಬೇಕು, ಬರುವಾಗ ಬಿಗಿಯಾಗಿರಬೇಕು! 1840ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಸೇನಾಧಿಕಾರಿ ಮಿನಿಯೇ ಇದಕ್ಕೆ ಪರಿಹಾರ ಕೊಟ್ಟರು. ಅವರ ಗುಂಡಿನ ಹಿಂಭಾಗ ಬಟ್ಟಲಿನಂತೆ ಟೊಳ್ಳು. ಮದ್ದು ಸಿಡಿದಾಗ ಒತ್ತಡವು ಬಟ್ಟಲಿನ ತೆಳ್ಳನೆಯ ಅಂಚನ್ನು ಹೊರಕ್ಕೆ ಅರಳಿಸಿ ನಳಿಗೆಯ ಗೋಡೆಗೆ ಒತ್ತುತ್ತಿತ್ತು. ಇದು ಅರ್ಥವಾಗಬೇಕಾದರೆ ಹಳೆಯ ಸೈಕಲ್ ಪಂಪನ್ನು ಬಿಚ್ಚಿ ನೋಡಿ. ಒಳಗಿನ ತೊಗಲಿನ ವಾಷರ್ ಕೂಡ ಬಟ್ಟಲಿನ ಆಕಾರದ್ದೇ. ಹಿಡಿಯನ್ನು ಎಳೆಯುವಾಗ ಅಂಚು ಮುದುಡಿ ಗಾಳಿಗೆ ದಾರಿ ಕೊಡುತ್ತದೆ, ನೂಕುವಾಗ ಗಾಳಿಯ ಒತ್ತಡವೇ ಅಂಚನ್ನು ಗೋಡೆಗೆ ಒತ್ತಿ ಸೋರದಂತೆ ತಡೆಯುತ್ತದೆ. ತತ್ವ ಒಂದೇ.

ಈ ಬಗೆಯ ಕೋವಿಯೇ 1853ರ ಎನ್‌ಫೀಲ್ಡ್. ಅದರ ನಳಿಗೆ 0.577 ಇಂಚು, ಮೊದಲಿನ ಗುಂಡು 0.568 ಇಂಚು. ಉಳಿದ ಅಂತರವನ್ನು ಗುಂಡಿಗೆ ಸುತ್ತಿದ ಕಾಗದ ತುಂಬುತ್ತಿತ್ತು. ಬಿಗಿಯಾದ ಕಾಗದ ಜಾರಿಕೊಂಡು ಒಳಗೆ ಹೋಗಲೆಂದು ಅದಕ್ಕೆ ಜಿಡ್ಡು ಸವರುತ್ತಿದ್ದರು. ಮುಂದಿನದನ್ನು ಇತಿಹಾಸದ ತರಗತಿಯಲ್ಲಿ ನೀವು ಓದಿದ್ದೀರಿ. ತೋಟಾದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು, ಆ ಜಿಡ್ಡು ದನದ ಮತ್ತು ಹಂದಿಯ ಕೊಬ್ಬೆಂಬ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿತು, 1857ರ ಮೇ 10ರಂದು ಮೀರತ್‌ನಲ್ಲಿ ದಂಗೆ ಸಿಡಿಯಿತು. ದಂಗೆಗೆ ಕಾರಣಗಳು ಅನೇಕ, ಜಿಡ್ಡು ಕಿಡಿ ಮಾತ್ರ. ಆದರೆ ಜಿಡ್ಡು ಏಕೆ ಬೇಕಾಗಿತ್ತು ಎಂದು ಕೇಳಿದರೆ ಉತ್ತರ ಇಂಚಿನ ಸಾವಿರಾಂಶಗಳಲ್ಲಿದೆ. ಗುಂಡು ನಳಿಗೆಗೆ ಅಷ್ಟು ಹತ್ತಿರದ ಅಳತೆಯದಾಗಿತ್ತು. ಮುಂದೆ ಬ್ರಿಟಿಷರು ಗುಂಡಿನ ವ್ಯಾಸವನ್ನು 0.55 ಇಂಚಿಗೆ ಇಳಿಸಿದರು. ಅದೇ ವರ್ಷದ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ನವೆಂಬರಿನಲ್ಲಿ ಹಲಗಲಿಯ ಬೇಡರು ಬಂಡೆದ್ದದ್ದು ನಮ್ಮ ನಾಡಿನ ಕಥೆ.

ಇನ್ನು ಪಿಸ್ತೂಲಿನ ಹೆಸರುಗಳಿಗೆ ಬರೋಣ. ಅದೇ 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಲೋಹದ ತೋಟಾ ಬಳಸುವ ಚಿಕ್ಕ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಆ ಕಾಲದ ತೋಟಾಗಳಲ್ಲಿ ಗುಂಡಿನ ವ್ಯಾಸವೂ ತೋಟಾದ ಕೋಶದ ಹೊರವ್ಯಾಸವೂ ಒಂದೇ. ಗುಂಡಿನ ಹಿಂಭಾಗವನ್ನು ಮಾತ್ರ ಸ್ವಲ್ಪ ಕಿರಿದು ಮಾಡಿ ಕೋಶದೊಳಗೆ ತೂರಿಸುತ್ತಿದ್ದರು. ಇಂದಿಗೂ 0.22 ಇಂಚಿನ ತೋಟಾ ಹೀಗೆಯೇ ಇದೆ. ಈ ವ್ಯವಸ್ಥೆಯಲ್ಲಿ ಗುಂಡಿಗೆ ಸವರಿದ ಜಿಡ್ಡು ಹೊರಗೇ ಉಳಿದು ದೂಳು ಮೆತ್ತಿಕೊಳ್ಳುತ್ತಿತ್ತು. ಆದ್ದರಿಂದ ಮುಂದಿನ ತಯಾರಕರು ಗುಂಡಿನ ಜಿಡ್ಡಿನ ಭಾಗವನ್ನು ಪೂರ್ತಿ ಕೋಶದ ಒಳಗೆ ಸೇರಿಸಿದರು. ಕೋಶ ಅಷ್ಟೇ ದಪ್ಪ ಉಳಿದು ಗುಂಡು ಅದರೊಳಗೆ ಹೋಗಬೇಕಾದರೆ ಗುಂಡು ಸಣ್ಣದಾಗಲೇಬೇಕಷ್ಟೆ? ಲೆಕ್ಕ ಮಾಡಿ: ಕೋಶದ ಹೊರವ್ಯಾಸ 0.379 ಇಂಚು. ಅದರ ಗೋಡೆಯ ದಪ್ಪ ಸುಮಾರು 0.011 ಇಂಚು. ಎರಡು ಕಡೆಯ ಗೋಡೆ ಸೇರಿ 0.022. ಕಳೆದರೆ ಉಳಿಯುವುದು 0.357 ಇಂಚು. 1898ರಲ್ಲಿ ಬಂದ ‘38 ಸ್ಪೆಷಲ್’ ತೋಟಾದ ಗುಂಡಿನ ವ್ಯಾಸ ಇದೇ. ಗುಂಡು ತೆಳ್ಳಗಾಯಿತು, ನಳಿಗೆ ಕಿರಿದಾಯಿತು, ‘38’ ಎಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಹೆಸರು ಉಳಿದು ವಸ್ತು ಬದಲಾಗುವುದು ಕೋವಿಯ ಲೋಕದಲ್ಲಿ ಮಾತ್ರವೆಂದು ತಿಳಿಯಬೇಡಿ. ನಾನು ಕೆಲಸ ಮಾಡುವ ದೂರದರ್ಶನ ಸ್ಟುಡಿಯೋದ ಕ್ಯಾಮರಾಗಳನ್ನು ‘ಮೂರನೆಯ ಎರಡು ಇಂಚಿನ ಕ್ಯಾಮರಾ’ ಎಂದು ಕರೆಯುತ್ತೇವೆ. ಲೆಕ್ಕದಲ್ಲಿ ಅದು ಸುಮಾರು 17 ಮಿ.ಮೀ. ಆಗಬೇಕು. ಆದರೆ ಬಿಂಬ ಮೂಡುವ ಫಲಕವನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸಿಗುವುದು ಸುಮಾರು 11 ಮಿ.ಮೀ. ಮಾತ್ರ! ಹಳೆಯ ಕ್ಯಾಮರಾಗಳಲ್ಲಿ ಗಾಜಿನ ಕೊಳವೆಯಿತ್ತು, ಆ ಕೊಳವೆಯ ಹೊರವ್ಯಾಸವೇ ಕ್ಯಾಮರಾದ ಹೆಸರಾಗಿತ್ತು. ಕೊಳವೆ ಹೋಗಿ ದಶಕಗಳಾದವು, ಹೆಸರು ಹೋಗಲಿಲ್ಲ. ನಿಮ್ಮ ಮನೆಯ ‘ಅರ್ಧ ಇಂಚಿನ’ ಕಬ್ಬಿಣದ ನಲ್ಲಿ ಪೈಪನ್ನು ಅಳೆದು ನೋಡಿ. ಅರ್ಧ ಇಂಚು ಎಂದರೆ 12.7 ಮಿ.ಮೀ. ಪೈಪಿನ ಹೊರವ್ಯಾಸ ಸುಮಾರು 21.3 ಮಿ.ಮೀ., ಒಳವ್ಯಾಸ ಸುಮಾರು 16 ಮಿ.ಮೀ. ಎರಡೂ ಅರ್ಧ ಇಂಚಲ್ಲ!

ಪೈಪಿನ ವಿಷಯದಲ್ಲಿ ಹೆಸರನ್ನು ನಂಬಿ ಕೆಟ್ಟರೆ ನೀರು ಸೋರಬಹುದು. ಕೋವಿಯಲ್ಲಿ ಪರಿಣಾಮ ಬೇರೆ. ಒಂದು ನಿಜವಾದ ಉದಾಹರಣೆ ನೋಡಿ. ‘38’ ಎಂಬ ಹೆಸರಿನ ಇನ್ನೊಂದು ತೋಟಾ ಇದೆ, ‘38 ಸ್ಮಿತ್ ಅಂಡ್ ವೆಸನ್’. ಅದರ ಗುಂಡಿನ ವ್ಯಾಸ 0.361 ಇಂಚು, ಕೋಶದ ವ್ಯಾಸ 0.386 ಇಂಚು. 38 ಸ್ಪೆಷಲ್‌ಗಿಂತ ಎರಡರಲ್ಲೂ ದಪ್ಪ, ಉದ್ದದಲ್ಲಿ ಮಾತ್ರ ಗಿಡ್ಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಗಿಡ್ಡ ತೋಟಾದ ರಿವಾಲ್ವರುಗಳನ್ನು ಅಮೆರಿಕ ಬ್ರಿಟನ್ನಿಗೆ ಹೇರಳವಾಗಿ ಕಳುಹಿಸಿತು. ಯುದ್ಧ ಮುಗಿದ ಮೇಲೆ ಅವು ಹಳೆಯ ಮಾಲಾಗಿ ಮಾರುಕಟ್ಟೆಗೆ ಬಂದಾಗ, ಕೆಲವು ವ್ಯಾಪಾರಿಗಳು ಕೋಶ ಕೂರುವ ಗೂಡನ್ನು ಉದ್ದಕ್ಕೆ ಕೊರೆದು ‘38 ಸ್ಪೆಷಲ್’ ತೋಟಾ ಹಿಡಿಯುವಂತೆ ಮಾಡಿದರು. ಉದ್ದವೇನೋ ಸರಿಹೋಯಿತು. ಆದರೆ ಗೂಡಿನ ಹಿಂಭಾಗ ಮೊದಲಿನಂತೆ ಅಗಲ, ನಳಿಗೆ ಮೊದಲಿನಂತೆ ದಪ್ಪ ಗುಂಡಿನದು. ಹಾರಿಸಿದಾಗ ಕೋಶಗಳು ಉಬ್ಬುತ್ತಿದ್ದವು, ಕೆಲವೊಮ್ಮೆ ಸೀಳುತ್ತಿದ್ದವು. ತೆಳ್ಳನೆಯ ಗುಂಡು ಅಗಲದ ನಳಿಗೆಯಲ್ಲಿ ಗುರಿ ತಪ್ಪುತ್ತಿತ್ತು.

ಒಂದೇ ತೋಟಾಕ್ಕೆ ಕಾಲಕ್ಕೊಂದು ಅಳತೆ ಇರುವುದೂ ಉಂಟು. 1873ರಲ್ಲಿ ಬಂದ ‘45 ಕೋಲ್ಟ್’ ರಿವಾಲ್ವರಿನ ಹಳೆಯ ನಳಿಗೆಗಳ ಕಾಲುವೆಯ ವ್ಯಾಸ ಸುಮಾರು 0.454 ಇಂಚು. ಎರಡನೆಯ ಮಹಾಯುದ್ಧದ ನಂತರದವು ಸುಮಾರು 0.452 ಇಂಚು. ಹೆಸರು ಒಂದೇ, ತೋಟಾ ಒಂದೇ, ಆದರೆ ಅಜ್ಜನ ರಿವಾಲ್ವರಿಗೆ ಬೇಕಾದ ಗುಂಡು ಬೇರೆ, ಮೊಮ್ಮಗನ ರಿವಾಲ್ವರಿಗೆ ಬೇಕಾದ ಗುಂಡು ಬೇರೆ. ಇನ್ನು ಬ್ರೌನಿಂಗ್ 1899ರಲ್ಲಿ ರೂಪಿಸಿದ, ನಮ್ಮ ದೇಶದ ಪರವಾನಗಿದಾರರಲ್ಲೂ ಬಳಕೆಯಲ್ಲಿರುವ ಪಿಸ್ತೂಲಿನ ತೋಟಾಕ್ಕೆ ಎರಡು ಹೆಸರು. ಅಮೆರಿಕದವರು ‘32’ ಎನ್ನುತ್ತಾರೆ, ಯೂರೋಪಿನವರು ‘7.65 ಮಿ.ಮೀ.’ ಎನ್ನುತ್ತಾರೆ. ಗುಂಡನ್ನು ಅಳೆದರೆ ಸುಮಾರು 0.312 ಇಂಚು, ಎಂದರೆ 7.92 ಮಿ.ಮೀ. ಯೂರೋಪಿನ ಹೆಸರು ದಿಣ್ಣೆಯ ವ್ಯಾಸಕ್ಕೆ ಹತ್ತಿರದ್ದು. ಅಮೆರಿಕದ ಹೆಸರು ಯಾವುದರ ವ್ಯಾಸವೂ ಅಲ್ಲ.

ಹಾಗಾದರೆ ತನ್ನ ತೋಟಾ ತಾನೇ ಜೋಡಿಸುವ ಜಾಣ ಏನು ಮಾಡುತ್ತಾನೆ? ಹೆಸರನ್ನು ಬದಿಗಿಟ್ಟು ನಳಿಗೆಯನ್ನೇ ಕೇಳುತ್ತಾನೆ. ತೋಟಾಗಳನ್ನೆಲ್ಲ ತೆಗೆದು ದೂರವಿಟ್ಟ ಮೇಲೆ, ನಳಿಗೆಗೆ ತೆಳುವಾಗಿ ಎಣ್ಣೆ ಸವರಿ, ಸ್ವಲ್ಪ ದಪ್ಪಗಿರುವ ಮೆತ್ತನೆಯ ಸೀಸದ ತುಂಡನ್ನು ಅದರ ಮೂಲಕ ಮೆಲ್ಲಗೆ ತೂರಿಸಿ ಹೊರತೆಗೆಯುತ್ತಾನೆ. ಅರಗಿನ ಮೇಲೆ ಮುದ್ರೆ ಒತ್ತಿದಂತೆ ನಳಿಗೆಯ ಒಳಮೈ ಸೀಸದ ಮೇಲೆ ಮೂಡುತ್ತದೆ. ಕಾಲುವೆ ಇದ್ದಲ್ಲಿ ಸೀಸದ ಮೇಲೆ ದಿಣ್ಣೆ, ದಿಣ್ಣೆ ಇದ್ದಲ್ಲಿ ಕಾಲುವೆ. ಸೀಸದ ಉಬ್ಬಿನಿಂದ ಎದುರಿನ ಉಬ್ಬಿಗೆ ಅಳೆದರೆ ನಳಿಗೆಯ ಕಾಲುವೆಯ ವ್ಯಾಸ ಸಿಗುತ್ತದೆ.

ಈ ಅಳತೆಗೆ ಯಾವ ಉಪಕರಣ ಬೇಕು? ಇಲ್ಲಿ ಲೆಕ್ಕಕ್ಕೆ ಬರುವುದು ಇಂಚಿನ ಸಾವಿರದ ಒಂದು ಭಾಗ. ಯಂತ್ರಾಗಾರದ ಕೆಲಸಗಾರರು ಅದನ್ನು ‘ಥೌ’ ಎನ್ನುತ್ತಾರೆ. ಅದು 0.0254 ಮಿ.ಮೀ., ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ನಿಮ್ಮ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸ್‌ನ ಕನಿಷ್ಠ ಅಳತೆ 0.1 ಮಿ.ಮೀ. ಅದಕ್ಕೆ ಇದು ಕಾಣಿಸುವುದೇ ಇಲ್ಲ. ಸ್ಕ್ರೂ ಗೇಜ್‌ನ ಕನಿಷ್ಠ ಅಳತೆ 0.01 ಮಿ.ಮೀ. ಅದರಲ್ಲಿ ಒಂದು ಥೌ ಎಂದರೆ ಎರಡೂವರೆ ಗೆರೆ. ಉಪಕರಣದ ಕನಿಷ್ಠ ಅಳತೆ ಎಷ್ಟೆಂದು ಮೊದಲು ಬರೆಯಿರಿ ಎಂದು ನಿಮ್ಮ ಅಧ್ಯಾಪಕರು ಒತ್ತಾಯಿಸುವುದರ ಅರ್ಥ ಇದೇ.

ಇನ್ನೊಂದು ಚಿಕ್ಕ ಜ್ಯಾಮಿತಿಯ ತೊಡಕು ಇದೆ. ಆರು ಕಾಲುವೆಗಳಿದ್ದರೆ ಒಂದರ ಎದುರು ಇನ್ನೊಂದು ಬರುತ್ತದೆ. ಆದರೆ ಕೆಲವು ಕಂಪನಿಗಳ ರಿವಾಲ್ವರುಗಳಲ್ಲಿ ಐದು ಕಾಲುವೆಗಳಿರುತ್ತವೆ. ವೃತ್ತದಲ್ಲಿ ಐದು ಬಿಂದುಗಳನ್ನು ಸಮಾನ ದೂರದಲ್ಲಿ ಗುರುತಿಸಿ ನೋಡಿ. ಯಾವ ಬಿಂದುವಿನ ಎದುರೂ ಇನ್ನೊಂದಿಲ್ಲ. ಉಬ್ಬಿನ ಎದುರು ತಗ್ಗು ಬರುತ್ತದೆ. ಸಾಮಾನ್ಯ ಸ್ಕ್ರೂ ಗೇಜ್ ಇಲ್ಲಿ ನಿಜಕ್ಕಿಂತ ಕಡಿಮೆ ಅಳತೆ ತೋರಿಸುತ್ತದೆ. ಅದಕ್ಕಾಗಿ ಎರಡು ಉಬ್ಬುಗಳನ್ನು ಒಟ್ಟಿಗೆ ಹಿಡಿಯುವ, ಕವಲಿನಂತಹ ದವಡೆಯ ವಿಶೇಷ ಮೈಕ್ರೋಮೀಟರ್ ಬೇಕು.

ಅಳತೆ ಸಿಕ್ಕಿತು. ಈಗ ಗುಂಡು ಎಷ್ಟಿರಬೇಕು? ತಾಮ್ರದ ಕವಚದ ಗುಂಡು ಗಟ್ಟಿಯಾದ್ದರಿಂದ ಕಾಲುವೆಯ ವ್ಯಾಸದಷ್ಟೇ ಇದ್ದರೆ ಸಾಕು. ಬರಿಯ ಸೀಸದ ಗುಂಡಾದರೆ ಕಾಲುವೆಗಿಂತ ಒಂದು ಥೌ ಹೆಚ್ಚಿರಲಿ ಎಂಬುದು ಅನುಭವಿಗಳ ರೂಢಿ. ಅಂದರೆ 0.355 ಇಂಚಿನ ನಳಿಗೆಗೆ 0.356 ಇಂಚಿನ ಸೀಸದ ಗುಂಡು. ಈ ಒಂದು ಥೌ ಏಕೆ? ಲೆಕ್ಕ ಹಾಕಿ. 9 ಮಿ.ಮೀ. ನಳಿಗೆಯಲ್ಲಿ ಗುಂಡು ಎರಡು ಥೌ ಕಡಿಮೆಯಿದ್ದರೆ ಸುತ್ತಲೂ ಉಳಿಯುವ ಸಂದು 0.025 ಮಿ.ಮೀ. ಅದರ ವಿಸ್ತೀರ್ಣ ನಳಿಗೆಯ ಒಟ್ಟು ವಿಸ್ತೀರ್ಣದ ಸುಮಾರು ನೂರನೆಯ ಒಂದು ಭಾಗ. ಇಷ್ಟೇನಾ ಎನ್ನಬೇಡಿ. ಹಿಂದಿನಿಂದ ತಳ್ಳುತ್ತಿರುವ ಅನಿಲದ ಒತ್ತಡ 9 ಮಿ.ಮೀ. ತೋಟಾದಲ್ಲಿ ವಾಯುಮಂಡಲದ ಒತ್ತಡದ ಎರಡು ಸಾವಿರ ಪಟ್ಟಿಗೂ ಹೆಚ್ಚಿರಬಹುದು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅನಿಲದ ಉಷ್ಣತೆ ಅದಕ್ಕಿಂತ ಎಷ್ಟೋ ಪಟ್ಟು ಮೇಲೆ. ಆ ಕಿರುಸಂದಿಯಲ್ಲಿ ನುಗ್ಗುವ ಅನಿಲ ಗ್ಯಾಸ್ ಕಟರಿನ ಜ್ವಾಲೆಯಂತೆ ಗುಂಡಿನ ಮೈಯನ್ನು ಕೊರೆದು, ಸೀಸವನ್ನು ನಳಿಗೆಯ ಗೋಡೆಗೆ ಮೆತ್ತುತ್ತದೆ. ಇದೆಲ್ಲ ನಡೆಯುವುದು ಒಂದು ಮಿಲಿಸೆಕೆಂಡಿನೊಳಗೆ.

ನಳಿಗೆಯಲ್ಲಿ ಸೀಸ ಮೆತ್ತಿದ್ದನ್ನು ಕಂಡಾಗ ‘ಗುಂಡು ಬಹಳ ಮೆತ್ತಗಾಯಿತು, ಇನ್ನೂ ಗಟ್ಟಿ ಮಿಶ್ರಲೋಹ ಬಳಸಬೇಕು’ ಎಂದು ಹೊಸಬರು ಭಾವಿಸುತ್ತಾರೆ. ಅನೇಕ ಸಲ ನಿಜ ಇದರ ವಿರುದ್ಧ. ಮೆತ್ತನೆಯ ಸೀಸ ಒತ್ತಡಕ್ಕೆ ಸ್ವಲ್ಪ ಉಬ್ಬಿ, ಮಿನಿಯೇ ಗುಂಡಿನಂತೆ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆಂಟಿಮೊನಿ ಸೇರಿಸಿ ಗಟ್ಟಿ ಮಾಡಿದ ಗುಂಡು ಕಡಿಮೆ ಒತ್ತಡದಲ್ಲಿ ಉಬ್ಬುವುದಿಲ್ಲ. ಅದು ಅಳತೆಗಿಂತ ಚಿಕ್ಕದಾಗಿದ್ದರೆ ಸಂದು ಹಾಗೆಯೇ ಉಳಿದು ಸೀಸ ಮೆತ್ತುವುದು ಹೆಚ್ಚುತ್ತದೆ. ದೋಷ ಇದ್ದದ್ದು ಅಳತೆಯಲ್ಲಿ, ಹುಡುಕಿದ್ದು ಲೋಹದಲ್ಲಿ! ರಿವಾಲ್ವರಿನಲ್ಲಿ ಇನ್ನೂ ಒಂದು ಬಾಗಿಲಿದೆ. ತೋಟಾದ ಗೂಡಿನಿಂದ ಹೊರಟ ಗುಂಡು ಗೂಡಿನ ಕತ್ತಿನ ಮೂಲಕ ನಳಿಗೆಗೆ ಹೋಗಬೇಕು. ಆ ಕತ್ತು ನಳಿಗೆಯ ಕಾಲುವೆಗಿಂತ ಕಿರಿದಾಗಿದ್ದರೆ ಸರಿಯಾದ ಗುಂಡೂ ಅಲ್ಲಿ ಹಿಂಡಿಕೊಂಡು ಸಣ್ಣದಾಗುತ್ತದೆ. ಮುಂದೆ ನಳಿಗೆಯಲ್ಲಿ ಅದು ಸಡಿಲ. ಆದ್ದರಿಂದ ಜಾಣನಾದವನು ಎರಡನ್ನೂ ಅಳೆಯುತ್ತಾನೆ.

ಗುಂಡು ದೊಡ್ಡದಾದರೆ? ಅದನ್ನು ಹಿಂಡಿ ನಳಿಗೆಗೆ ನುಗ್ಗಿಸಲು ಹೆಚ್ಚು ಬಲ ಬೇಕು, ಆದ್ದರಿಂದ ಹಿಂದಿನ ಒತ್ತಡ ಏರುತ್ತದೆ. ಮೆತ್ತನೆಯ ಸೀಸದಲ್ಲಿ ಒಂದು ಥೌ ಹೆಚ್ಚಾದರೆ ತೊಂದರೆಯಿಲ್ಲ. ಗಟ್ಟಿ ಕವಚದ ಗುಂಡಿನಲ್ಲಿ ವ್ಯತ್ಯಾಸ ಹೆಚ್ಚಾದಂತೆ ಅಪಾಯವೂ ಹೆಚ್ಚು. ಇನ್ನೂ ಕೆಟ್ಟದ್ದೆಂದರೆ ಒತ್ತಡ ಸಾಲದೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುವುದು. ಅದು ತಿಳಿಯದೆ ಎರಡನೆಯ ಈಡು ಹಾರಿಸಿದರೆ ನಳಿಗೆ ಉಬ್ಬಬಹುದು, ಒಡೆಯಬಹುದು. ಹಿಡಿದವನ ಬೆರಳುಗಳು ಇರುವುದು ಅಲ್ಲಿಯೇ. ಇಂತಹ ಅನಾಹುತಗಳನ್ನು ತಡೆಯಲೆಂದೇ ಅಮೆರಿಕದ ತಯಾರಕರು 1926ರಲ್ಲಿ ತಮ್ಮದೇ ಮಾನಕ ಸಂಸ್ಥೆಯೊಂದನ್ನು ಕಟ್ಟಿಕೊಂಡು, ಪ್ರತಿ ತೋಟಾದ ಅಳತೆ ಮತ್ತು ಗರಿಷ್ಠ ಒತ್ತಡವನ್ನು ಪ್ರಕಟಿಸತೊಡಗಿದರು.

ಸ್ಪರ್ಧೆಯ ಮೈದಾನದಲ್ಲಿ ಈ ನಿಖರತೆಯ ಬೆಲೆ ಎಷ್ಟು ಗೊತ್ತೇ? 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯ ನಿಧಾನ ಸುತ್ತಿನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿ.ಮೀ. ನಡುಬಿಂದುವಿನಿಂದ ಅಂಚಿಗೆ 25 ಮಿ.ಮೀ. ದೂರ 25 ಮೀಟರ್. ಎಂದರೆ ಸಾವಿರಕ್ಕೆ ಒಂದರಷ್ಟು ಓರೆಯಾದರೆ ಗುಂಡು ವೃತ್ತದ ಅಂಚಿಗೆ ಬಂದು ಬಿಡುತ್ತದೆ. ಇದೇ ಸ್ಪರ್ಧೆಯಲ್ಲಿ 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಚಿನ್ನ ಗೆದ್ದರು. ಕೈಯ ಅಭ್ಯಾಸ, ಉಸಿರಿನ ಹಿಡಿತ ಅವರದು. ಆದರೆ ಗುಂಡು ನಳಿಗೆಗೆ ಹೊಂದಿರದಿದ್ದರೆ ಯಾವ ಅಭ್ಯಾಸವೂ ಅದನ್ನು ವೃತ್ತದೊಳಗೆ ಕೂರಿಸಲಾರದು.

ಈ ಹೊಂದಾಣಿಕೆಗೆ ಇನ್ನೊಂದು ಮುಖವಿದೆ. ಬಿಗಿಯಾಗಿ ಹಾದುಹೋದ ಗುಂಡಿನ ಮೇಲೆ ನಳಿಗೆ ತನ್ನ ಗೀರುಗಳನ್ನು ಬರೆದಿಡುತ್ತದೆ. ಕೊರೆಯುವ ಉಪಕರಣ ಬಿಟ್ಟ ಅತಿ ಸೂಕ್ಷ್ಮ ಗೆರೆಗಳೂ ಅದರಲ್ಲಿ ಬರುತ್ತವೆ. ಎರಡು ಗುಂಡುಗಳನ್ನು ಒಂದೇ ದೃಷ್ಟಿಯಲ್ಲಿ ಅಕ್ಕಪಕ್ಕ ಇಟ್ಟು ನೋಡುವ ತುಲನಾ ಸೂಕ್ಷ್ಮದರ್ಶಕವನ್ನು 1920ರ ದಶಕದಲ್ಲಿ ಅಮೆರಿಕದ ಕ್ಯಾಲ್ವಿನ್ ಗಾಡರ್ಡ್ ಮತ್ತು ಸಂಗಡಿಗರು ಅಪರಾಧ ಪತ್ತೆಯ ಕೆಲಸಕ್ಕೆ ತಂದರು. ನಮ್ಮ ನಾಡಿನಲ್ಲಿಯೇ, 2015ರಲ್ಲಿ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಮತ್ತು 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಗೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆಯನ್ನು ಆಧರಿಸಿ ತನಿಖಾ ತಂಡ ಹೇಳಿತು. ಎರಡು ಊರು, ಎರಡು ವರ್ಷಗಳ ಅಂತರ. ಸ್ಥಳದಲ್ಲಿ ಸಿಕ್ಕ ಲೋಹದ ಚೂರುಗಳ ಮೇಲಿನ ಗುರುತುಗಳು ಎರಡನ್ನೂ ಜೋಡಿಸಿದವು. ಅಳತೆ ಮಾಡುವವನ ಕೈಯಲ್ಲಿ ಗೀರು ಕೂಡ ಸಾಕ್ಷಿಯಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಬಹುಮಂದಿ ಎಂದೂ ಪಿಸ್ತೂಲು ಹಿಡಿಯಲಾರಿರಿ, ಹಿಡಿಯಬೇಕಾಗಿಯೂ ಇಲ್ಲ. ಆದರೆ ನಾಳೆ ನೀವು ಎಂಜಿನಿಯರೋ ವೈದ್ಯರೋ ಯಂತ್ರಾಗಾರದ ಕೆಲಸಗಾರರೋ ಆದಾಗ, ಒಂದರೊಳಗೊಂದು ಕೂಡಬೇಕಾದ ವಸ್ತುಗಳು ನಿಮ್ಮ ಮುಂದೆ ಬಂದೇ ಬರುತ್ತವೆ. ಸಿಲಿಂಡರಿನಲ್ಲಿ ಪಿಸ್ಟನ್, ಬೇರಿಂಗಿನಲ್ಲಿ ಅಚ್ಚು, ಸಿರಿಂಜಿನಲ್ಲಿ ತಳ್ಳುಗೋಲು. ಪ್ರತಿಯೊಂದರ ಮೇಲೂ ಒಂದು ಹೆಸರು, ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಯಾವಾಗ ಬಂತು, ಯಾವುದರ ಅಳತೆ, ಈಗಲೂ ಅದೇ ಅಳತೆಯೇ ಎಂದು ಕೇಳಿ. ಕೇಳಿದ ಮೇಲೆ ಅಳೆಯಿರಿ.

ನಾಳೆಯೇ ಒಂದು ಪ್ರಯೋಗ ಮಾಡಿ. ಮನೆಯಲ್ಲಿರುವ ಅರ್ಧ ಇಂಚಿನ ಪೈಪಿನ ತುಂಡು, ಅಂಗಡಿಯಿಂದ ತಂದ ಆರು ಮಿಲಿಮೀಟರಿನ ಬೋಲ್ಟು, ತಂತಿಯ ಒಂದು ತುಂಡು, ಇವನ್ನು ಕಾಲೇಜಿನ ಪ್ರಯೋಗಶಾಲೆಗೆ ಒಯ್ಯಿರಿ. ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕಿ. ಮೊದಲನೆಯದರಲ್ಲಿ ವಸ್ತುವಿನ ಹೆಸರಿನಲ್ಲಿರುವ ಅಳತೆ, ಎರಡನೆಯದರಲ್ಲಿ ವರ್ನಿಯರ್ ಹೇಳಿದ ಅಳತೆ, ಮೂರನೆಯದರಲ್ಲಿ ಸ್ಕ್ರೂ ಗೇಜ್ ಹೇಳಿದ ಅಳತೆ. ಸ್ಕ್ರೂ ಗೇಜ್‌ನ ಬಾಯಿಗೆ ಹಿಡಿಸದ ವಸ್ತುವಿಗೆ ಮೂರನೆಯ ಅಂಕಣ ಖಾಲಿ ಬಿಡಿ. ಶೂನ್ಯದೋಷ ತಿದ್ದುವುದನ್ನು ಮರೆಯಬೇಡಿ. ಮೂರೂ ಅಂಕಣಗಳಲ್ಲಿ ಒಂದೇ ಸಂಖ್ಯೆ ಬಂದ ವಸ್ತುಗಳು ಎಷ್ಟು ಎಂದು ನೀವೇ ಎಣಿಸಿ ನೋಡಿ.